ಮನೆಗೆ ಪ್ರಿಆಂಪ್ ಜೋಡಿಸೋದು: ಪಿನ್ನು, ಅರ್ಥಿಂಗ್, ಥಂಡಿ

ಸ್ಟೀರಿಯೋ ಸೆಟ್‌ನಲ್ಲಿ ಜನಕ್ಕೆ ಜಾಸ್ತಿ ತಲೆಬಿಸಿ ಮಾಡುವ ಡಬ್ಬ ಪ್ರಿಆಂಪ್. ಸ್ಪೀಕರ್ ಏನು ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ಪವರ್ ಆಂಪ್ ಅಂದ್ರೆ ಸದ್ದು ದೊಡ್ಡದು ಮಾಡೋದು ಅಂತಲೂ ಗೊತ್ತು. ಈ ನಡುವಿನದ್ದರ ಹಿಂದೆ ಮಾತ್ರ ಸಾಲಾಗಿ ತೂತು, ಮುಂದೆ ಸಾಲಾಗಿ ನಾಬು. ಯಾವುದನ್ನು ಎಲ್ಲಿಗೆ ಹಾಕಬೇಕು ಅಂತ ಹೇಳಿಕೊಡುವವರು ಯಾರೂ ಇಲ್ಲ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದವರಿಗಂತೂ ಮ್ಯಾನ್ಯುಯಲ್ ಕೂಡ ಸಿಕ್ಕಿರುವುದಿಲ್ಲ.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ನೆಂಟರಿಷ್ಟರ ಮನೆಗಳಲ್ಲಿ ಸೆಟ್ ಜೋಡಿಸಿ ಕೊಡುತ್ತಾ ನನಗೆ ಅನ್ನಿಸಿದ್ದು ಇಷ್ಟು. ಸೆಟ್ ಚೆನ್ನಾಗಿ ಕೇಳಿಸದೇ ಇದ್ದರೆ ಕಂಪನಿಯನ್ನು ಬೈಯುವ ಮೊದಲು ಮೂರು ನೋಡಬೇಕು: ಪಿನ್ನು ಸರಿಯಾದ ತೂತಿನಲ್ಲಿದೆಯಾ, ಮನೆಯ ಅರ್ಥಿಂಗ್ ಸರಿಯಿದೆಯಾ, ಮಳೆಗಾಲದ ಥಂಡಿ ಒಳಗೆ ಹೋಗಿದೆಯಾ. ಮೂರಕ್ಕೂ ಹೆಚ್ಚು ಖರ್ಚಿಲ್ಲ, ತಾಳ್ಮೆ ಬೇಕು ಅಷ್ಟೇ.

ಪ್ರಿಆಂಪ್ ಮಾಡುವ ಕೆಲಸ ಬಹಳ ಇಲ್ಲ. ಸಿಡಿ, ರೇಡಿಯೋ, ಟೇಪು, ಟಿವಿ, ಇಷ್ಟರಲ್ಲಿ ಯಾವುದು ಬೇಕು ಅಂತ ಆರಿಸುತ್ತದೆ. ಎಷ್ಟು ಸದ್ದು ಬೇಕೋ ಅಷ್ಟನ್ನು ಪವರ್ ಆಂಪ್‌ಗೆ ಕಳಿಸುತ್ತದೆ. ಗ್ರಾಮಾಫೋನ್ ಪ್ಲೇಟು ಹಚ್ಚುವುದಿದ್ದರೆ ಇನ್ನೊಂದು ಕೆಲಸ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಒಂದು ವಿಷಯ ಗಮನಿಸಿ. ಸಿಡಿ ಪ್ಲೇಯರ್ ಹೆಚ್ಚೆಂದರೆ ಸುಮಾರು 2 ವೋಲ್ಟ್ ಕೊಡುತ್ತದೆ, ಎಷ್ಟೋ ಪವರ್ ಆಂಪ್‌ಗಳಿಗೆ 1 ಅಥವಾ 1.5 ವೋಲ್ಟ್ ಸಿಕ್ಕಿದರೆ ಸಾಕು, ಪೂರ್ತಿ ದನಿ ತೆಗೆಯುತ್ತವೆ. ಅಂದರೆ ಸಿಡಿ ಕೇಳುವಾಗ ಪ್ರಿಆಂಪ್ ಹೆಚ್ಚಿನ ಹೊತ್ತು ಸದ್ದನ್ನು ತಗ್ಗಿಸುತ್ತಾ ಕೂತಿರುತ್ತದೆ! ವಾಲ್ಯೂಮ್ ಸ್ವಲ್ಪ ತಿರುಗಿಸಿದ ಕೂಡಲೇ ಮನೆಯೆಲ್ಲ ಕೇಳಿಸಿದರೆ ಸೆಟ್ ಕೆಟ್ಟಿದೆ ಅಂತ ಹೆದರಬೇಡಿ.

ಇನ್ನೊಂದು ಮಾತು. ನಿಮ್ಮ ಹತ್ತಿರ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಇದ್ದರೆ ಅದರೊಳಗೇ ಪ್ರಿಆಂಪ್ ಇದೆ, ಬೇರೆ ಬೇಡ. ಹಳೆಯ ಕೆಲವು ಇಂಟಿಗ್ರೇಟೆಡ್‌ಗಳ ಹಿಂದೆ "ಪ್ರಿ ಔಟ್", "ಮೇನ್ ಇನ್" ಅಂತ ಎರಡು ಜೊತೆ ತೂತುಗಳಿದ್ದು, ನಡುವೆ ಯು ಆಕಾರದ ಲೋಹದ ಕಡ್ಡಿ ಸಿಕ್ಕಿಸಿರುತ್ತಾರೆ. ಆ ಕಡ್ಡಿ ಬಿದ್ದುಹೋದರೆ ಸದ್ದೇ ಬರುವುದಿಲ್ಲ. ರಿಪೇರಿಗೆ ಹೊತ್ತುಕೊಂಡು ಹೋಗುವ ಮೊದಲು ಇದನ್ನು ನೋಡಿ.

ಮೊದಲು ಜಾಗ, ಕರೆಂಟು

ಡಬ್ಬವನ್ನು ಮಳೆ ಹೊಡೆಯುವ ಗೋಡೆಗೆ ಒತ್ತಿ ಇಡಬೇಡಿ. ನಮ್ಮ ಕಡೆ ಜುಲೈ ತಿಂಗಳಲ್ಲಿ ಪಡುವಣ ದಿಕ್ಕಿನ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ, ಅಲ್ವಾ? ಒಳಗೋಡೆ ಇರುವ ಕಡೆ, ಹಿಂದೆ ಒಂದು ಗೇಣು ಜಾಗ ಬಿಟ್ಟು ಇಡಿ. ಕೈ ಹಾಕಿ ಪಿನ್ ಹಾಕುವುದಕ್ಕೂ ಆ ಜಾಗ ಬೇಕು. ಪವರ್ ಆಂಪ್ ಮೇಲೆ ಪ್ರಿಆಂಪ್ ಹೇರಬೇಡಿ. ಕೆಳಗಿನದ್ದು ಬಿಸಿಯಾಗುತ್ತದೆ, ಅದರ ಟ್ರಾನ್ಸ್‌ಫಾರ್ಮರ್ ಮೇಲಿನದ್ದಕ್ಕೆ ಗುಂಯ್ ಅನ್ನುವ ಸದ್ದು ಅಂಟಿಸುತ್ತದೆ.

ವಿದೇಶದಿಂದ ಬಂದ ಮಾಲಾದರೆ ಪ್ಲಗ್ ಚುಚ್ಚುವ ಮೊದಲು ಹಿಂದೆ ಬರೆದ ವೋಲ್ಟೇಜ್ ಓದಿ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಜಪಾನಿನ ಒಳಮಾರುಕಟ್ಟೆಗೆ ಮಾಡಿದ ಸೆಟ್ 100 ವೋಲ್ಟಿನದ್ದು, ಅಮೆರಿಕದ್ದು 120. ಅಡಾಪ್ಟರ್ ಪಿನ್ ಹಾಕಿ ನಮ್ಮ ಬೋರ್ಡಿಗೆ ನೇರ ಚುಚ್ಚಿದರೆ ಫ್ಯೂಸ್ ಹಾರಿದರೆ ಪುಣ್ಯ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಕೆಲವಕ್ಕೆ ಹಿಂದೆ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ, ಅದನ್ನು 220 ಅಥವಾ 240ಕ್ಕೆ ತಿರುಗಿಸಿ. ಅದೂ ಇಲ್ಲದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಅರ್ಥಿಂಗ್ ಬಗ್ಗೆ ಕೆಳಗೆ ಉದ್ದಕ್ಕೆ ಹೇಳುವುದಿದೆ. ಸದ್ಯಕ್ಕೆ ಇಷ್ಟು ಸಾಕು: ಹಳೆಯ ತೊಟ್ಟಿ ಮನೆಗಳಲ್ಲಿ ಎರಡೇ ತೂತಿನ ಬೋರ್ಡು ಇನ್ನೂ ಇದ್ದರೆ ಸೆಟ್ ತರುವ ಮೊದಲು ವೈರಿಂಗ್‌ನವರನ್ನು ಕರೆಸಿ ಮೂರು ಪಿನ್ನಿನ, ಅರ್ಥ್ ಎಳೆದ ಒಂದು ಪಾಯಿಂಟ್ ಹಾಕಿಸಿ. ಪ್ರಿಆಂಪ್, ಪವರ್ ಆಂಪ್, ಸಿಡಿ ಎಲ್ಲ ಆ ಒಂದೇ ಪಾಯಿಂಟಿನಿಂದ, ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಹೋಗಲಿ. ಒಂದು ನಡುಮನೆಯ ಬೋರ್ಡಿಗೆ, ಇನ್ನೊಂದು ಜಗಲಿಯ ಬೋರ್ಡಿಗೆ ಬೇಡ.

ಪಿನ್ ಹಾಕೋದು

ಎಲ್ಲವೂ ಆಫ್ ಇರಲಿ. ಬರೀ ಸ್ವಿಚ್ ಅಲ್ಲ, ಪ್ಲಗ್ಗೇ ಕಿತ್ತಿಡಿ. ವಾಲ್ಯೂಮ್ ಪೂರ್ತಿ ಎಡಕ್ಕೆ ತಿರುಗಿಸಿ.

ಹಿಂದಿನ ತೂತುಗಳು ಆರ್‌ಸಿಎ ಪಿನ್ನಿನವು, ಅಂಗಡಿಯಲ್ಲಿ ಎವಿ ಪಿನ್ ಅಂತ ಕೇಳಿದರೂ ಕೊಡುತ್ತಾರೆ. ಕೆಂಪು ಬಲಗಡೆಯದ್ದು, ಬಿಳಿ ಅಥವಾ ಕಪ್ಪು ಎಡಗಡೆಯದ್ದು. ಪಿನ್ ಹಾಕುವಾಗ ತಲೆ ಹಿಡಿದು ಸ್ವಲ್ಪ ತಿರುಗಿಸುತ್ತಾ ಒಳಗೆ ತಳ್ಳಿ. ತೆಗೆಯುವಾಗಲೂ ತಲೆಯನ್ನೇ ಹಿಡಿಯಿರಿ, ವೈರ್ ಎಳೆದರೆ ಒಳಗಿನ ಬೆಸುಗೆ ಬಿಡುತ್ತದೆ. ಸಡಿಲ ಅನ್ನಿಸಿದರೆ ಪಿನ್ನಿನ ಹೊರಬಳೆಯನ್ನು ಇಕ್ಕುಳದಲ್ಲಿ ಬಹಳ ಮೆಲ್ಲಗೆ ಅದುಮಿ, ಮತ್ತೆ ಹಾಕಿ ನೋಡಿ. ಹಾಕಿದ ಮೇಲೆ ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡಬಾರದು.

ಸಿಡಿ ಪ್ಲೇಯರಿನ ಔಟ್‌ನಿಂದ ಪ್ರಿಆಂಪಿನ "ಸಿಡಿ" ಅನ್ನುವ ಇನ್‌ಪುಟ್‌ಗೆ. ರೇಡಿಯೋ ಟ್ಯೂನರ್ "ಟ್ಯೂನರ್"ಗೆ. ಬ್ಲೂಟೂತ್ ರಿಸೀವರ್ ಅಥವಾ ಮೊಬೈಲ್ "ಆಕ್ಸ್"ಗೆ. ಈ ಮೂರೂ ಒಳಗೆ ಒಂದೇ ಥರ, ಹೆಸರು ಮಾತ್ರ ಬೇರೆ. ಸಿಡಿಯನ್ನು ಟ್ಯೂನರ್ ತೂತಿಗೆ ಹಾಕಿದರೂ ಏನೂ ಆಗುವುದಿಲ್ಲ. "ಫೋನೋ" ಅಂತ ಬರೆದದ್ದು ಮಾತ್ರ ಬೇರೆ ಜಾತಿ, ಅದು ಗ್ರಾಮಾಫೋನ್ ಪ್ಲೇಟಿನ ಪ್ಲೇಯರಿಗೆ. ಅಲ್ಲಿಗೆ ಸಿಡಿ ಹಾಕಿದರೆ ಕಿವಿ ಹರಿಯುವ ಹಾಗೆ ಒಡೆದ ಸದ್ದು ಬರುತ್ತದೆ, ಸ್ಪೀಕರಿಗೂ ಒಳ್ಳೆಯದಲ್ಲ.

ಪ್ರಿಆಂಪಿನ "ಪ್ರಿ ಔಟ್" ಅಥವಾ "ಮೇನ್ ಔಟ್"ನಿಂದ ಪವರ್ ಆಂಪಿನ ಇನ್‌ಪುಟ್‌ಗೆ ಒಂದು ಜೊತೆ ಕೇಬಲ್. ಸ್ಪೀಕರ್ ವೈರ್ ಪವರ್ ಆಂಪಿನಿಂದ ಮಾತ್ರ ಹೊರಡಬೇಕು, ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ, ಎರಡೂ ಕಡೆ ಒಂದೇ ಥರ. ಒಂದು ಸ್ಪೀಕರಿಗೆ ಅದಲುಬದಲಾದರೆ ಬೇಸ್ ಮಾಯವಾಗುತ್ತದೆ, ಹಾಡುವವರ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ತೇಲಿದ ಹಾಗೆ ಕೇಳಿಸುತ್ತದೆ. ಪವರ್ ಆಂಪಿನ ಸ್ಪೀಕರ್ ಔಟನ್ನು ಪ್ರಿಆಂಪಿಗೆ ವಾಪಸ್ ತರುವ ಯೋಚನೆ ಯಾವತ್ತೂ ಮಾಡಬೇಡಿ.

ಎರಡೂ ಡಬ್ಬಗಳಲ್ಲಿ ಮೂರು ಕಡ್ಡಿಯ ದೊಡ್ಡ ಎಕ್ಸ್‌ಎಲ್‌ಆರ್ ಪಿನ್ ಇದ್ದರೆ ಅದನ್ನೇ ಬಳಸಿ, ಗುಂಯ್ ಸದ್ದು ಕಮ್ಮಿ.

ಹಳೆಯ ಫಿಲಿಪ್ಸ್ ಥರದ ಸೆಟ್‌ಗಳಲ್ಲಿ ಐದು ಕಡ್ಡಿಯ ಗುಂಡನೆಯ ಡಿನ್ ಪಿನ್ ಇರುತ್ತದೆ. ಪ್ಲೇಯರಿನಿಂದ ಬರುವ ಕೇಬಲ್ಲಿನಲ್ಲಿ 3ನೆಯ ಕಡ್ಡಿ ಎಡ, 5ನೆಯದು ಬಲ, 2ನೆಯದು ಗ್ರೌಂಡ್. ಡಿನ್‌ನಿಂದ ಆರ್‌ಸಿಎಗೆ ಬದಲಿಸುವ ಕೇಬಲ್ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹುಡುಕಿ, ಸಿಗದಿದ್ದರೆ ಬೆಸುಗೆ ಹಾಕಲು ಬರುವ ಯಾರಾದರೂ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ.

ಟಿವಿ ಜೋಡಿಸುವುದಿದ್ದರೆ ಒಂದು ತೊಡಕಿದೆ. ಈಗಿನ ಟಿವಿಗಳಲ್ಲಿ ಆರ್‌ಸಿಎ ಔಟ್ ಇರುವುದು ಕಡಿಮೆ, ಆಪ್ಟಿಕಲ್ ಮಾತ್ರ ಕೊಟ್ಟಿರುತ್ತಾರೆ. ಮಾಮೂಲಿ ಪ್ರಿಆಂಪಿಗೆ ಅದು ಹಿಡಿಯುವುದಿಲ್ಲ. ನಡುವೆ ಒಂದು ಚಿಕ್ಕ ಡ್ಯಾಕ್, ಅಂದ್ರೆ ಡಿಜಿಟಲ್ ಸಿಗ್ನಲನ್ನು ಮಾಮೂಲಿ ಆಡಿಯೋ ಸಿಗ್ನಲ್ ಮಾಡುವ ಡಬ್ಬಿ ಬೇಕು. ಟಿವಿಯ ಸೆಟ್ಟಿಂಗ್‌ನಲ್ಲಿ ಆಡಿಯೋ ಔಟನ್ನು ಪಿಸಿಎಂ ಅಂತ ಮಾಡಿ. ಮಾಡದಿದ್ದರೆ ಕೆಲವು ಚಾನೆಲ್‌ಗೆ ಸದ್ದು ಬರುತ್ತದೆ, ಕೆಲವಕ್ಕೆ ಬರುವುದಿಲ್ಲ.

ಪ್ಲೇಟು ಹಚ್ಚುವವರಿಗೆ

ಎಲ್‌ಪಿ ಪ್ಲೇಯರಿನ ಮುಳ್ಳು ಕೂರಿಸಿದ ಕಾರ್ಟ್ರಿಜ್‌ನಿಂದ ಬರುವ ಸಿಗ್ನಲ್ ಎಷ್ಟು ಸಣ್ಣದು ಅಂದರೆ, ಮೂವಿಂಗ್ ಮ್ಯಾಗ್ನೆಟ್ ಅಂದ್ರೆ ಎಂಎಂ ಆದರೆ ಸುಮಾರು 5 ಮಿಲಿವೋಲ್ಟ್, ಮೂವಿಂಗ್ ಕಾಯಿಲ್ ಅಂದ್ರೆ ಎಂಸಿ ಆದರೆ ಅರ್ಧ ಮಿಲಿವೋಲ್ಟೂ ಇಲ್ಲದೆ ಇರಬಹುದು. ಸಿಡಿಯ 2 ವೋಲ್ಟ್ ಎಲ್ಲಿ, ಇದೆಲ್ಲಿ. ಹಾಗಾಗಿ ಫೋನೋ ಭಾಗ ಎಂಎಂಗೆ ನೂರು ಪಟ್ಟು, ಎಂಸಿಗೆ ಸಾವಿರ ಪಟ್ಟಿನ ಲೆಕ್ಕದಲ್ಲಿ ಹಿಗ್ಗಿಸುತ್ತದೆ. ಜೊತೆಗೆ ಇನ್ನೊಂದು ಕೆಲಸ. ಪ್ಲೇಟು ಮಾಡುವಾಗ ಗೀರು ತೀರಾ ಅಗಲ ಆಗದಿರಲಿ ಅಂತ ಬೇಸ್ ತಗ್ಗಿಸಿ, ಸರಸರ ಸದ್ದು ಮುಚ್ಚಿಹೋಗಲಿ ಅಂತ ಟ್ರೆಬಲ್ ಏರಿಸಿ ಕೊರೆದಿರುತ್ತಾರೆ. ಅದನ್ನು ಇಲ್ಲಿ ತಿರುಗಾಮುರುಗಾ ಮಾಡಿ ಸರಿಪಡಿಸಬೇಕು. 1954ರಿಂದ ಇದಕ್ಕೆ ಆರ್‌ಐಎಎ ಅನ್ನುವ ಒಂದೇ ಅಳತೆ ಬಂತು.

ಇದರಿಂದ ಎರಡು ವಿಷಯ. ಪ್ಲೇಯರನ್ನು ಆಕ್ಸ್‌ಗೆ ಹಾಕಿದರೆ ಸದ್ದು ಎಲ್ಲೋ ದೂರದಲ್ಲಿ ಚಿಂಯ್ ಚಿಂಯ್ ಅನ್ನುತ್ತದೆ, ಬೇಸ್ ಇರುವುದೇ ಇಲ್ಲ. ಎರಡನೆಯದು, ಈಗಿನ ಎಷ್ಟೋ ಪ್ಲೇಯರ್‌ಗಳಲ್ಲಿ ಫೋನೋ ಭಾಗ ಒಳಗೇ ಇರುತ್ತದೆ, ಹಿಂದೆ ಫೋನೋ/ಲೈನ್ ಅಂತ ಒಂದು ಚಿಕ್ಕ ಸ್ವಿಚ್. ಲೈನ್‌ನಲ್ಲಿಟ್ಟರೆ ಪ್ರಿಆಂಪಿನ ಆಕ್ಸ್‌ಗೆ ಹಾಕಿ. ಫೋನೋದಲ್ಲಿಟ್ಟರೆ ಪ್ರಿಆಂಪಿನ ಫೋನೋಗೆ ಹಾಕಿ. ಲೈನ್‌ನಲ್ಲಿಟ್ಟು ಫೋನೋಗೆ ಹಾಕಿದರೆ ಎರಡೆರಡು ಸಲ ಹಿಗ್ಗಿ, ಗುಡುಗುಡು ಅಂತ ಒಡೆದು ಕೇಳಿಸುತ್ತದೆ.

ಅಟ್ಟದಲ್ಲಿ ಸಿಗುವ ಹಳೆಯ ಎಚ್‌ಎಂವಿ ಸೂಟ್‌ಕೇಸ್ ಪ್ಲೇಯರ್‌ಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಾಗಿ ಸಿರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಜ್ ಇರುತ್ತದೆ. ಅದರ ಸಿಗ್ನಲ್ ದೊಡ್ಡದು, ಫೋನೋಗೆ ಹಾಕಬಾರದು, ಆಕ್ಸ್‌ಗೇ ಹಾಕಬೇಕು. ಬೇಸ್ ಸ್ವಲ್ಪ ತೆಳು ಅನ್ನಿಸಬಹುದು. ಕ್ರಿಸ್ಟಲ್‌ನಲ್ಲಿ ರೋಶೆಲ್ ಉಪ್ಪು ಅನ್ನುವ ಹರಳು ಇರುತ್ತದೆ, ಅದು ನೀರಿನ ಪಸೆ ಎಳೆದುಕೊಂಡು ಸಾಯುತ್ತದೆ. ನಮ್ಮ ಊರಿನ ಮಳೆಗೆ ಅಷ್ಟು ವರ್ಷ ಕೂತ ಕ್ರಿಸ್ಟಲ್ ಇನ್ನೂ ಹಾಡುತ್ತದೆ ಅಂತ ನಂಬಿಕೊಂಡು ದುಡ್ಡು ಕೊಡಬೇಡಿ.

ಪ್ಲೇಯರಿನಿಂದ ಕೆಂಪು, ಬಿಳಿ ಪಿನ್ನಿನ ಜೊತೆ ಒಂದು ತೆಳು ವೈರು ಬರುತ್ತದೆ, ತುದಿಯಲ್ಲಿ ಕವೆಯ ಆಕಾರದ ತಗಡು. ಅದನ್ನು ಸುಮ್ನೆ ನೇತಾಡಲು ಬಿಡಬೇಡಿ. ಪ್ರಿಆಂಪಿನ ಹಿಂದೆ ಫೋನೋ ತೂತಿನ ಪಕ್ಕ "ಜಿಎನ್‌ಡಿ" ಅಂತ ಬರೆದ ಒಂದು ತಿರುಪು ಇದೆ. ಅದನ್ನು ಎರಡು ಸುತ್ತು ಸಡಿಲಿಸಿ, ಕವೆಯನ್ನು ಅದರ ಕೆಳಗೆ ತೂರಿಸಿ, ಬೆರಳಲ್ಲೇ ಬಿಗಿ ಮಾಡಿ. ತುದಿ ಕಪ್ಪಾಗಿದ್ದರೆ ಮೊದಲು ನಯವಾದ ಮರಳು ಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ. ಪ್ಲೇಟಿನಲ್ಲಿ ಗುಂಯ್ ಅಂತ ಬರುತ್ತದೆ ಅನ್ನುವವರ ಮನೆಯಲ್ಲಿ ನಾನು ಮೊದಲು ನೋಡುವುದೇ ಈ ವೈರನ್ನು. ಇದು ಸರಿಯಿದ್ದೂ ಒಂದೇ ಕಡೆಯ ಸ್ಪೀಕರ್ ಗುಂಯ್ ಅಂದರೆ ಕಾರ್ಟ್ರಿಜ್ ಹಿಂದಿನ ನಾಲ್ಕು ಕೂದಲಿನಂಥ ವೈರುಗಳನ್ನು ನೋಡಿ: ಬಿಳಿ, ನೀಲಿ ಎಡಗಡೆಗೆ, ಕೆಂಪು, ಹಸಿರು ಬಲಗಡೆಗೆ. ಯಾವುದೋ ಒಂದು ಕಳಚಿರುತ್ತದೆ.

ಹಲಗೆ ಹಾಸಿದ ಮಹಡಿಯಾದರೆ ಯಾರಾದರೂ ನಡೆದ ಕೂಡಲೇ ಮುಳ್ಳು ಹಾರುತ್ತದೆ. ಪ್ಲೇಯರನ್ನು ನೆಲಕ್ಕೆ ಇಡದೆ ಗೋಡೆಗೆ ಹಲಗೆ ಹೊಡೆದು ಅದರ ಮೇಲಿಡಿ, ಸ್ಪೀಕರಿನಿಂದ ದೂರ.

ಆನ್ ಮಾಡೋ ಕ್ರಮ

ಮೊದಲು ಪ್ಲೇಯರ್‌ಗಳು, ಆಮೇಲೆ ಪ್ರಿಆಂಪ್, ಅರ್ಧ ನಿಮಿಷ ಬಿಟ್ಟು ಕೊನೆಗೆ ಪವರ್ ಆಂಪ್. ಆಫ್ ಮಾಡುವಾಗ ಉಲ್ಟಾ, ಪವರ್ ಆಂಪ್ ಮೊದಲು. ಯಾಕೆಂದರೆ ಪ್ರಿಆಂಪ್ ಆನ್ ಆಗುವಾಗ, ಆಫ್ ಆಗುವಾಗ ಒಂದು ಧಡ್ ಅನ್ನುವ ಏಟು ಹೊರಗೆ ಬಿಡುತ್ತದೆ. ಪವರ್ ಆಂಪ್ ಎಚ್ಚರ ಇದ್ದರೆ ಅದು ನೇರ ವೂಫರಿಗೆ, ಅಂದ್ರೆ ಬೇಸ್ ಕೊಡುವ ದೊಡ್ಡ ಸ್ಪೀಕರಿಗೆ. ವಾಲ್ವ್ ಪ್ರಿಆಂಪ್ ಆದರೆ ಒಂದು ನಿಮಿಷ ಬಿಡಿ, ಬಿಸಿಯಾಗಲಿ.

ಈಗ ನಮ್ಮ ಊರಿನ ವಿಷಯ. ಹಾಡು ಕೇಳುತ್ತಿರುವಾಗ ಕರೆಂಟ್ ಹೋಗುತ್ತದೆ, ಐದು ನಿಮಿಷಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಬಂದಾಗಲೆಲ್ಲ ಎರಡೂ ಡಬ್ಬ ಒಟ್ಟಿಗೆ ಏಳುತ್ತವೆ, ಧಡ್ ಧಡ್ ಅನ್ನುತ್ತವೆ. ಹಾಗಾಗಿ ಕರೆಂಟ್ ಹೋದ ಕೂಡಲೇ ಕೈ ಹೋಗಬೇಕಾದದ್ದು ಪವರ್ ಆಂಪಿನ ಸ್ವಿಚ್ಚಿಗೆ. ಮೇಣದಬತ್ತಿ ಆಮೇಲೆ ಹುಡುಕಿ.

ಮೊದಲ ಸಲ ಆನ್ ಮಾಡಿದಾಗ ಸಿಡಿ ಅಥವಾ ರೇಡಿಯೋದಿಂದ ಶುರು ಮಾಡಿ. ಭದ್ರಾವತಿ ಆಕಾಶವಾಣಿ ಹಾಕಿ, ಸೆಲೆಕ್ಟರನ್ನು ಟ್ಯೂನರ್‌ಗೆ ತಿರುಗಿಸಿ, ವಾಲ್ಯೂಮ್ ನಿಧಾನಕ್ಕೆ ಏರಿಸಿ. ಒಬ್ಬರೇ ಮಾತಾಡುವ ಕಾರ್ಯಕ್ರಮ ಇದಕ್ಕೆ ಒಳ್ಳೆಯದು. ದನಿ ಎರಡೂ ಸ್ಪೀಕರ್ ನಡುವೆ, ಖಾಲಿ ಜಾಗದಿಂದ ಬರಬೇಕು. ಒಂದು ಕಡೆ ಎಳೆದರೆ ಬ್ಯಾಲೆನ್ಸ್ ನಾಬ್ ನೋಡಿ. ವಾಲ್ಯೂಮ್ ತೀರಾ ಕೆಳಗಿದ್ದಾಗ ಒಂದು ಕಡೆ ಜೋರು, ಒಂದು ಕಡೆ ಮೆಲ್ಲಗೆ ಇರುವುದು ನಾಬ್‌ಗಳ ಹುಟ್ಟುಗುಣ, ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ. ಮೊಬೈಲಿನಿಂದ ಕೇಳುವಾಗ ಮೊಬೈಲಿನ ವಾಲ್ಯೂಮ್ ಹೆಚ್ಚುಕಮ್ಮಿ ಪೂರ್ತಿ ಇಟ್ಟು ಪ್ರಿಆಂಪಿನಲ್ಲಿ ಕಮ್ಮಿ ಜಾಸ್ತಿ ಮಾಡಿ.

ಹೊಸನಗರದ ಸ್ನೇಹಿತನೊಬ್ಬ ಫೋನ್ ಮಾಡುತ್ತಾನೆ: "ಎಂತ ಮಾರಾಯ ಇದು, ಲೈಟ್ ಉರೀತದೆ, ಸಿಡಿ ತಿರುಗ್ತದೆ, ಸದ್ದೇ ಇಲ್ಲ!"

"ಟೇಪ್ ಮಾನಿಟರ್ ಒತ್ತಿಕೊಂಡಿದೆಯಾ ನೋಡು."

"ಹೌದಲ್ಲಾ..."

ಟೇಪ್ ಮಾನಿಟರ್ ಬಟನ್ ಒತ್ತಿದರೆ ಪ್ರಿಆಂಪ್ ಬೇರೆ ಎಲ್ಲ ಬಿಟ್ಟು ಟೇಪ್ ಡೆಕ್ಕಿನಿಂದ ಬರುವುದನ್ನೇ ಕೇಳಿಸುತ್ತದೆ. ಡೆಕ್ಕೇ ಇಲ್ಲದಿದ್ದರೆ ಸದ್ದೂ ಇಲ್ಲ. ಮನೆಗೆ ಮಕ್ಕಳು ಬಂದುಹೋದ ಮೇಲೆ ಸೆಟ್ ಹಾಳಾಯಿತು ಅಂದರೆ ಹೆಚ್ಚಾಗಿ ಇದೇ, ಇಲ್ಲವಾದರೆ ಮ್ಯೂಟ್.

ಉಳಿದ ಬಟನ್‌ಗಳು ಬೇಗ ಹೇಳಿಬಿಡುತ್ತೇನೆ. ಬೇಸ್, ಟ್ರೆಬಲ್ ನಡುವಿನಲ್ಲಿಟ್ಟು ಕೆಲವು ದಿನ ಕೇಳಿ, ಆಮೇಲೆ ಬೇಕಿದ್ದರೆ ಮುಟ್ಟಿ. ಲೌಡ್‌ನೆಸ್ ಇರುವುದು ರಾತ್ರಿ ಮೆಲ್ಲಗೆ ಕೇಳುವಾಗ ಬೇಸ್ ಕಳೆದುಹೋಗದಿರಲಿ ಅಂತ, ಜೋರಾಗಿ ಕೇಳುವಾಗ ಅದನ್ನು ಹಾಕಿದರೆ ಬರೀ ಡುಬ್ ಡುಬ್. ಸಬ್‌ಸಾನಿಕ್ ಫಿಲ್ಟರ್ ಪ್ಲೇಟಿಗೆ ಮಾತ್ರ. ಬಿಸಿಲಿಗೋ ಭಾರಕ್ಕೋ ಸೊಟ್ಟಗಾದ ಪ್ಲೇಟು ತಿರುಗುವಾಗ ವೂಫರ್ ಸದ್ದಿಲ್ಲದೆ ಒಳಗೆ ಹೊರಗೆ ಆಡುತ್ತದೆ, ಇದನ್ನು ಒತ್ತಿದರೆ ನಿಲ್ಲುತ್ತದೆ. ಮೋನೋ ಬಟನ್ ಹಳೆಯ ಮೋನೋ ಪ್ಲೇಟುಗಳಿಗೆ ಬಹಳ ಒಳ್ಳೆಯದು, ಕರಕರ ಎಷ್ಟೋ ಕಮ್ಮಿಯಾಗುತ್ತದೆ. ಅಜ್ಜನ ಕಾಲದ 78ರ ಪ್ಲೇಟುಗಳನ್ನು ಎಲ್‌ಪಿ ಮುಳ್ಳಿನಲ್ಲಿ ಹಚ್ಚಬೇಡಿ, ಅದರ ಗೀರು ಅಗಲ, ಅದಕ್ಕೆ ಬೇರೆ ದಪ್ಪ ಮುಳ್ಳೇ ಬೇಕು.

ಗುಂಯ್ ಅನ್ನೋ ಸದ್ದು

ಇದನ್ನು ಊಹೆಯಿಂದ ಹುಡುಕಲು ಹೋಗಬೇಡಿ, ಒಂದೊಂದೇ ಕಳಚಿ ನೋಡಬೇಕು. ಪ್ರತಿ ಸಲ ಪಿನ್ ಕೀಳುವ ಮೊದಲು ಪವರ್ ಆಂಪ್ ಆಫ್ ಮಾಡಿ.

ಮೊದಲು ಪ್ರಿಆಂಪಿನಿಂದ ಪವರ್ ಆಂಪಿಗೆ ಹೋದ ಕೇಬಲ್ ತೆಗೆದು ಪವರ್ ಆಂಪ್ ಒಂದನ್ನೇ ಆನ್ ಮಾಡಿ. ಈಗಲೂ ಗುಂಯ್ ಅಂದರೆ ತೊಂದರೆ ಅದರಲ್ಲೇ ಇದೆ, ರಿಪೇರಿಯವರಿಗೆ ಕೊಡಿ. ಸುಮ್ಮನಾಯಿತು ಅಂದರೆ ಕೇಬಲ್ ವಾಪಸ್ ಹಾಕಿ, ಪ್ರಿಆಂಪಿಗೆ ಬರುವ ಎಲ್ಲ ಪಿನ್ ಕಿತ್ತು ಕೇಳಿ. ಆಮೇಲೆ ಒಂದೊಂದೇ ಸೇರಿಸುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಗುಂಯ್ ಶುರುವಾಯಿತೋ ಅದೇ ಕಳ್ಳ. ಕೇಬಲ್ ಟಿವಿ ಅಥವಾ ಡಿಶ್ ಇರುವ ಮನೆಯಲ್ಲಿ ಅದು ಹೆಚ್ಚಾಗಿ ಟಿವಿ. ಸೆಟ್‌ಟಾಪ್ ಬಾಕ್ಸಿನ ಹಿಂದಿನ ದಪ್ಪ ವೈರನ್ನು ತಿರುಗಿಸಿ ತೆಗೆದ ಕೂಡಲೇ ಸದ್ದು ನಿಂತರೆ, ಡಿಶ್ಶಿನ ಕಡೆಯಿಂದ ಒಂದು ಅರ್ಥ್, ನಿಮ್ಮ ಬೋರ್ಡಿನಿಂದ ಒಂದು ಅರ್ಥ್, ಎರಡರ ನಡುವೆ ಕರೆಂಟ್ ಸುತ್ತುತ್ತಿದೆ ಅಂತ ಲೆಕ್ಕ. ಟಿವಿಯನ್ನು ಆಪ್ಟಿಕಲ್ ಕೇಬಲ್ಲಿನಲ್ಲಿ ಡ್ಯಾಕ್‌ಗೆ ಹಾಕಿದರೆ ಇದು ಮುಗಿಯುತ್ತದೆ, ಅದರಲ್ಲಿ ಬೆಳಕು ಮಾತ್ರ ಹೋಗುತ್ತದೆ, ಲೋಹ ಇಲ್ಲ. ಇಲ್ಲವಾದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಒಂದು ಚಿಕ್ಕ ಡಬ್ಬಿ ಸಿಗುತ್ತದೆ.

ಕೆಲವರು ಪ್ಲಗ್ಗಿನ ಮೇಲಿನ ದಪ್ಪ ಪಿನ್ ಕಿತ್ತುಹಾಕಿ "ನೋಡಿ, ಗುಂಯ್ ಹೋಯ್ತು" ಅನ್ನುತ್ತಾರೆ. ಹೋಗುತ್ತದೆ, ನಿಜ. ಒಳಗೆ ಯಾವುದಾದರೂ ವೈರ್ ತಗಡಿಗೆ ತಾಗಿದ ದಿನ ಒದ್ದೆ ಕೈಯಲ್ಲಿ ಮುಟ್ಟಿದವರ ಜೀವವೂ ಹೋಗಬಹುದು. ದಯವಿಟ್ಟು ಅದೊಂದು ಮಾಡಬೇಡಿ.

ಮಳೆಗಾಲವೆಲ್ಲ ಸುಮ್ಮನಿದ್ದ ಸೆಟ್ ಮಾರ್ಚ್, ಏಪ್ರಿಲ್‌ನಲ್ಲಿ ಗುಂಯ್ ಅನ್ನಲು ಶುರು ಮಾಡಿದರೆ ಅರ್ಥಿಂಗ್ ಗುಂಡಿ ಒಣಗಿದೆ ಅಂತ ಅನುಮಾನಪಡಿ. ಮಳೆಯಲ್ಲಿ ನೆಲ ನೆಂದಿರುತ್ತದೆ, ಅರ್ಥ್ ಚೆನ್ನಾಗಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಬೂದಿಯ ಹಾಗೆ ಒಣಗುತ್ತದೆ. ಇದ್ದಿಲು, ಉಪ್ಪು ಹಾಕಿದ ಹಳೆಯ ಗುಂಡಿಯಾದರೆ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕಿ ನೋಡಿ. ಮಲ್ಟಿಮೀಟರ್ ಇರುವ ವೈರಿಂಗ್‌ನವರು ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ಅಂತ ಅಳೆದು ಹೇಳುತ್ತಾರೆ, ಒಂದೆರಡು ವೋಲ್ಟ್ ಇದ್ದರೆ ಪರವಾಗಿಲ್ಲ, ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಏನೋ ಸರಿಯಿಲ್ಲ.

ಗುಂಯ್ ಅಲ್ಲದೆ ಜರ್ರ್ ಅಂತ ಚೂಪಾಗಿ ಬಂದರೆ ಅದು ಬೇರೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬು, ಇಲ್ಲವೇ ಕರೆಂಟ್ ಹೋದಾಗ ಓಡುವ ಸ್ಕ್ವೇರ್ ವೇವ್ ಇನ್ವರ್ಟರ್. ಒಂದೊಂದೇ ಆಫ್ ಮಾಡಿ ಕಂಡುಹಿಡಿಯಿರಿ. ಇನ್ವರ್ಟರ್ ಹೊಸದು ತರುವುದಿದ್ದರೆ ಪ್ಯೂರ್ ಸೈನ್ ವೇವ್ ಕೇಳಿ. ಡಿಗ್ ಡಿಗ್ ಡಿಗ್ ಅಂತ ಬಂದರೆ ಮೊಬೈಲನ್ನು ಪ್ರಿಆಂಪಿನ ಮೇಲಿಂದ ತೆಗೆಯಿರಿ. ಟವರ್ ಸರಿಯಾಗಿ ಸಿಗದ ಊರುಗಳಲ್ಲಿ ಫೋನು ಕೂಗಾಡಿಕೊಂಡೇ ಇರುತ್ತದೆ, ಈ ಕಾಟವೂ ಜಾಸ್ತಿ.

ಮಳೆ, ಸಿಡಿಲು, ಇರುವೆ

ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ, ಸೆಲೆಕ್ಟರ್ ತಿರುಗಿಸಿದಾಗ ಒಂದು ಕಡೆ ಸದ್ದು ಹೋಗಿ ಬಂದರೆ, ಒಳಗಿನ ಕಾಂಟಾಕ್ಟಿಗೆ ಕಿಲುಬು ಹಿಡಿದಿದೆ. ಪ್ಲಗ್ ಕಿತ್ತು, ಪ್ರತಿ ನಾಬನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಅಷ್ಟಕ್ಕೇ ಅರ್ಧಕ್ಕರ್ಧ ಸರಿಹೋಗುತ್ತದೆ. ಆಗದಿದ್ದರೆ ಕಾಂಟಾಕ್ಟ್ ಕ್ಲೀನರ್ ಒಂದು ಹನಿ, ನಾಬಿನ ಹಿಂದಿನ ಸಂದಿಗೆ. ತುಕ್ಕು ಬಿಡಿಸುವ ಎಣ್ಣೆಯನ್ನೋ ತೆಂಗಿನೆಣ್ಣೆಯನ್ನೋ ಬಿಡಬೇಡಿ, ಧೂಳು ಅಂಟಿ ಮುಂದಿನ ವರ್ಷ ಇನ್ನೂ ಹಾಳಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಟ್ಟನ್ನು ದಿನಾ ಒಂದೆರಡು ಗಂಟೆ ಆನ್ ಇಡಿ, ಕೇಳದಿದ್ದರೂ ಸರಿ. ಒಳಗಿನ ಬಿಸಿಗೇ ಥಂಡಿ ಆರುತ್ತದೆ. ಪ್ಲಾಸ್ಟಿಕ್ ಹೊದಿಸಿ ಕಟ್ಟಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ಆಗುಂಬೆ ಕಡೆಯವರಿಗಂತೂ ಒಳಗೆ ಬೂಷ್ಟು ಬೆಳೆಯುವುದು ಖಂಡಿತ. ಹತ್ತಿ ಬಟ್ಟೆ ಹಾಕಿ, ಆನ್ ಮಾಡುವಾಗ ತೆಗೆಯಿರಿ. ಬೆಚ್ಚಗಿರುವ ಡಬ್ಬ ಅಂದರೆ ಇರುವೆಗೂ ಹಲ್ಲಿಗೂ ಇಷ್ಟ. ಗಾಳಿ ಹೋಗುವ ಸಂದಿಗಳ ಮೇಲೆ ಸೊಳ್ಳೆ ಪರದೆಯ ತುಂಡು ಅಂಟಿಸಿ, ಗಾಳಿ ನಿಲ್ಲಬಾರದು ಅಷ್ಟೇ.

ಸಿಡಿಲಿನ ಬಗ್ಗೆ ರಾಜಿಯೇ ಇಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕೀಳಬೇಕು, ಡಿಶ್ ವೈರ್, ರೇಡಿಯೋ ಆಂಟೆನಾ, ಇಂಟರ್ನೆಟ್ ವೈರ್ ಇದ್ದರೆ ಅವನ್ನೂ. ಮಳೆ ಶುರುವಾಗಿ ಸಿಡಿಲು ತಲೆ ಮೇಲೆ ಬಂದ ಮೇಲೆ ವೈರ್ ಮುಟ್ಟಲು ಹೋಗಬೇಡಿ. ಸರ್ಜ್ ಪ್ರೊಟೆಕ್ಟರ್ ಇದೆಯಲ್ಲ ಅಂತ ಧೈರ್ಯ ಬೇಡ, ಹತ್ತಿರದ ತೆಂಗಿನ ಮರಕ್ಕೆ ಹೊಡೆದ ಸಿಡಿಲನ್ನು ಅದು ತಡೆಯುವುದಿಲ್ಲ.

ಕ್ಯಾಸೆಟ್ ಇದ್ದವರು ಇದನ್ನು ಓದಿ

ಪ್ರಿಆಂಪಿನ ಹಿಂದೆ "ರೆಕ್ ಔಟ್" ಅಥವಾ "ಟೇಪ್ ಔಟ್" ಅಂತ ಒಂದು ಜೊತೆ ತೂತು ಇರುತ್ತದೆ, ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ. ನನ್ನ ಪ್ರಕಾರ ನಮ್ಮ ಕಡೆಯವರಿಗೆ ಅತಿ ಉಪಯೋಗದ ತೂತು ಅದು. ಯಕ್ಷಗಾನದ ಪ್ರಸಂಗ, ಭಾವಗೀತೆ, ಮನೆಯ ಮದುವೆಯ ಹಸೆಗೋಡೆ ಹಾಡು, ಏನೇನೋ ಕ್ಯಾಸೆಟ್‌ಗಳು ಪೆಟ್ಟಿಗೆಯಲ್ಲಿ ಕೂತು ಬೂಷ್ಟು ಹಿಡಿಯುತ್ತಿವೆ. ಡೆಕ್ಕಿನ ಔಟನ್ನು ಆಕ್ಸ್‌ಗೆ ಹಾಕಿ, ರೆಕ್ ಔಟ್‌ನಿಂದ ಒಂದು ಯುಎಸ್‌ಬಿ ಸೌಂಡ್ ಕಾರ್ಡಿನ ಲೈನ್ ಇನ್‌ಗೆ, ಅಲ್ಲಿಂದ ಲ್ಯಾಪ್‌ಟಾಪ್‌ಗೆ. ರೆಕ್ ಔಟ್‌ನ ಸಿಗ್ನಲ್ ವಾಲ್ಯೂಮ್ ನಾಬಿಗಿಂತ ಮೊದಲೇ ಹೊರಡುತ್ತದೆ, ಹಾಗಾಗಿ ನೀವು ಸ್ಪೀಕರಿನ ಸದ್ದು ಕಮ್ಮಿ ಮಾಡಿದರೂ ರೆಕಾರ್ಡಿಂಗ್ ಕಮ್ಮಿಯಾಗುವುದಿಲ್ಲ. ಡೆಕ್ಕನ್ನು ಟೇಪ್ ತೂತಿಗೆ ಹಾಕಬೇಡಿ, ಆಕ್ಸ್‌ಗೇ ಹಾಕಿ, ಯಾಕೆಂದರೆ ಟೇಪ್ ಮಾನಿಟರ್ ಒತ್ತಿ ಕೇಳುವುದು ರೆಕ್ ಔಟ್‌ಗೆ ಹೋಗುವುದಿಲ್ಲ.

ಬೂಷ್ಟು ಹಿಡಿದ ಕ್ಯಾಸೆಟನ್ನು ಒಳ್ಳೆಯ ಡೆಕ್ಕಿಗೆ ಹಾಕಬೇಡಿ, ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟಿಗೂ ಹತ್ತುತ್ತದೆ. ಒಳ್ಳೆಯದಿದ್ದರೆ ಮೊದಲು ಒಂದು ಸಲ ಕೊನೆತನಕ ಮುಂದೆ ಓಡಿಸಿ, ವಾಪಸ್ ಸುತ್ತಿ, ಆಮೇಲೆ ಹಚ್ಚಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿ. ಲ್ಯಾಪ್‌ಟಾಪನ್ನು ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿದರೆ ಗುಂಯ್ ಕಾಟ ಇರುವುದಿಲ್ಲ. ಚೆಂಡೆ ಜೋರಾಗಿ ಬಡಿಯುವ ಕಡೆ ಮೀಟರ್ ಕೆಂಪಿಗೆ ಹೋಗದ ಹಾಗೆ ಮೊದಲೇ ಲೆವೆಲ್ ಇಳಿಸಿಕೊಳ್ಳಿ, ಕೆಂಪಿಗೆ ಹೋದದ್ದನ್ನು ಆಮೇಲೆ ಸರಿ ಮಾಡಲು ಬರುವುದಿಲ್ಲ. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿ ಅರ್ಧ ಗಂಟೆ, ಅಷ್ಟು ಹೊತ್ತೂ ಕೂತೇ ಇರಬೇಕಾಗಿಲ್ಲ, ತೋಟಕ್ಕೆ ಹೋಗಿ ಬನ್ನಿ. ಫೈಲಿಗೆ ಮಾತ್ರ ಆ ಕೂಡಲೇ ಪ್ರಸಂಗದ ಹೆಸರು, ಮೇಳ, ಭಾಗವತರ ಹೆಸರು ಹಾಕಿಡಿ. ಟ್ರ್ಯಾಕ್ 1, ಟ್ರ್ಯಾಕ್ 2 ಅಂತ ಬಿಟ್ಟರೆ ಮುಂದಿನ ದೀಪಾವಳಿಗೆ ಯಾವುದು ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.